ಮುನಿರತ್ನಮ್ಮ ನೋಡಿದ ಮೂರು ಸಂಬಂಧ

ಬಂಗಾರಪೇಟೆ,
ಬುಧವಾರ, ೨೨-೧-೨೦೨೫

ಮುದ್ದಿನ ಮೊಮ್ಮಗಳು ಅರುಣಕುಮಾರಿಗೆ,

ಅಜ್ಜಿಯ ನೂರು ಮುತ್ತು. ಹೊಟ್ಟೆನೋವು ವಾಸಿಯಾಯಿತೇ? ಬೀದರಿನ ಹಾಸ್ಟೆಲಿನವರು ದಿನವೂ ಜೋಳದ ರೊಟ್ಟಿಯನ್ನೇ ಹಾಕುತ್ತಾರೋ, ಕೇಳಿದರೆ ಒಂದು ಮುದ್ದೆಯನ್ನೂ ಕೊಡುತ್ತಾರೋ? ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ತಾತನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿಯಾಗಿದೆ. ನೀನಿಲ್ಲದೆ ಹಿತಕಿದ ಬೇಳೆ ಸಾರು ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಬರೆಯೋಣವೆಂದುಕೊಂಡೆ, ಆದರೆ ನಾನು ಎರಡು ಸಲ ಬಡಿಸಿಕೊಂಡದ್ದನ್ನು ಅವರು ನೋಡಿದ್ದಾರೆ. ಫೋನ್ ಮಾಡಬಹುದಿತ್ತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ. ಕಾಗದವನ್ನು ಕೊನೆಯವರೆಗೂ ಓದಲೇಬೇಕು. ನಿನ್ನ ಪಶುವೈದ್ಯ ಓದು ಮುಗಿಯುವವರೆಗೆ ನಿನ್ನ ಮದುವೆಯ ಮಾತೆತ್ತುವುದಿಲ್ಲ ಎಂದು ದಸರಾದಲ್ಲಿ ನಿನ್ನ ತಲೆ ಮುಟ್ಟಿ ಹೇಳಿದ್ದೇನೆ. ಇಲ್ಲಿ ಬರುವುದೆಲ್ಲ ಬೇರೆಯವರ ಮದುವೆಯೇ, ಗಾಬರಿಯಾಗಬೇಡ.

ನನ್ನ ಸಂಬಂಧ ಕೂಡಿಸುವ ಕೆಲಸಕ್ಕೆ ವೆಬ್‌ಸೈಟ್ ಬೇಕೆಂದು ನೀನೇ ಹಟ ಹಿಡಿದಿದ್ದೆಯಲ್ಲ. ನಿಜವೇ, ಫೋಟೊಗಳ ಚೀಲ ಹೊತ್ತುಕೊಂಡು ಹೋದರೆ ಈಗಿನವರು ಲಿಂಕ್ ಇದೆಯಾ ಎಂದು ಕೇಳುತ್ತಾರೆ. ಊರಿಗಾಂನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಸೆಲ್ವರಾಜ್ ಮನೆಗೇ ಬಂದ. ಮೊದಲು ಸಿ.ಎಂ.ಎಸ್. ಆರಿಸಬೇಕು ಎಂದ. ಸಿ.ಎಂ. ಆರಿಸುವುದು ನಮ್ಮ ಕೈಯಲ್ಲಿ ಎಲ್ಲಿದೆ ಎಂದು ನಿಮ್ಮ ತಾತ ರೇಗಿದರು. ಅದಲ್ಲ, ಎಂಜಿನಿಯರನ ಹಂಗಿಲ್ಲದೆ ಫೋಟೊ, ವಿವರಗಳನ್ನು ನಾವೇ ಹಾಕಿ ನಾವೇ ತೆಗೆಯುವ ಸಾಧನ ಅದು ಎಂದು ಅವನು ಬಿಡಿಸಿ ಹೇಳಿ ಮೂರು ಹೆಸರು ಮುಂದಿಟ್ಟ.

ಮೂರು ಗಂಡು ಮುಂದೆ ಕೂತ ಮೇಲೆ ನನಗೆ ಯಾರಾದರೂ ಹೇಳಿಕೊಡಬೇಕೇ? ಡ್ರೂಪಲ್ ಬಹಳ ಓದಿಕೊಂಡವನು, ನಮ್ಮಂಥವರ ಮನೆಗೆ ಬಂದರೆ ಪಕ್ಕದಲ್ಲಿ ತಿಳಿದವರೊಬ್ಬರು ಇರಲೇಬೇಕಂತೆ. ಜೂಮ್ಲಾ ನನಗೆ ಹಿಡಿಸಿತ್ತು, ಹೆಸರೇ ಕೆಡಿಸಿತು. "ಸಂಬಂದ ಕೇಳಕ್ ಬಂದೋರ ಮುಂದೆ ಜೂಮ್ಲಾ, ಬಾರ್ಲಾ, ಓಗ್ಲಾ ಅಂತ ಕೂಗಕಾಯ್ತದಾ?" ಎಂದರು ನಿಮ್ಮ ತಾತ. ಇನ್ನು ವರ್ಡ್‌ಪ್ರೆಸ್ಸಿಗೆ ಪ್ಲಗಿನ್ ಎಂಬ ನೆಂಟರ ದಂಡೇ ಇದೆ. ಜಾತಕ ಇಡಲು ಒಬ್ಬ, ಫೋಟೊ ಜೋಡಿಸಲು ಇನ್ನೊಬ್ಬ, ಆಗಾಗ ಎಲ್ಲರನ್ನೂ ವಿಚಾರಿಸಿಕೊಳ್ಳುತ್ತಿರಬೇಕಂತೆ. ಆದರೆ ಸೆಲ್ವರಾಜ್ ತೋರಿಸಿದಾಗ ಅದರ ಬಟನ್ನುಗಳ ಮೇಲೆಲ್ಲ ಕನ್ನಡವಿತ್ತು. ಮನೆಗೆ ಬರುವವರು ನಮ್ಮ ಭಾಷೆ ಮಾತಾಡಿದರೆ ಉಳಿದದ್ದನ್ನು ತಿದ್ದಿಕೊಳ್ಳಬಹುದು. ಅದನ್ನೇ ಒಪ್ಪಿ, ಬೇರೆ ಬೀಗರು ಯಾರೂ ಇಲ್ಲದ್ದರಿಂದ ತಾಂಬೂಲವನ್ನು ಸೆಲ್ವರಾಜನ ಕೈಗೇ ಕೊಟ್ಟೆ.

ಚೆನ್ನಾಗಿ ಓದು. ಹಸುಗಳ ಹಿಂದೆ ನಿಲ್ಲುವಾಗ ಹುಷಾರು. ತಾತ ಆಶೀರ್ವಾದ ಹೇಳಿದ್ದಾರೆ. ನನ್ನದಂತೂ ಸದಾ ನಿನ್ನ ತಲೆಯ ಮೇಲೇ ಇದೆ.

ನಿನ್ನ ಅಜ್ಜಿ,
ಮುನಿರತ್ನಮ್ಮ

ವಿ.ಸೂ.: ಬೈಯಬೇಡ. ಪರೀಕ್ಷೆಗೆಂದು ಒಂದು ಹೆಣ್ಣಿನ ವಿವರ ತುಂಬಿಸಿ ಎಂದ ಸೆಲ್ವರಾಜ್. ಪರರ ಮಗಳನ್ನು ಅಂಥದ್ದಕ್ಕೆ ಎಳೆಯಬಾರದೆಂದು ನಿನ್ನದನ್ನೇ ಹಾಕಿದೆ, ಕರುವನ್ನು ತಬ್ಬಿಕೊಂಡಿರುವ ಫೋಟೊ. ಹೇಗೂ ಯಾರೂ ನೋಡುವುದಿಲ್ಲವಲ್ಲ ಎಂದು ನಿಜವನ್ನೇ ಬರೆದೆ: ಅಡುಗೆ ಬರದು, ಕೋಪ ಜಾಸ್ತಿ, ಹಸುವಿನ ಗಬ್ಬ ನೋಡಲು ಭುಜದವರೆಗೂ ಕೈ ಹಾಕುತ್ತಾಳೆ. ಕೊನೆಗೆ ಎರಡು ಬಟನ್. ಒಂದರ ಮೇಲೆ 'ಕರಡು' ಎಂದಿತ್ತು. ಕನ್ನಡಕವಿಲ್ಲದೆ ಅದನ್ನು ಕರಡಿ ಎಂದು ಓದಿಕೊಂಡೆ. ಹೆಣ್ಣಿನ ವಿಷಯದಲ್ಲಿ ಕರಡಿ ಏಕೆಂದು ಇನ್ನೊಂದನ್ನು ಒತ್ತಿದೆ. ಅದು 'ಪ್ರಕಟಿಸಿ'. ಆವತ್ತಿನಿಂದ ಫೋನ್ ನಿಂತಿಲ್ಲ, ಹಸು ಕಟ್ಟಿರುವವರಿಗೆಲ್ಲ ನೀನೇ ಬೇಕಂತೆ. ಮುಳಬಾಗಿಲಿನವರು ಭಾನುವಾರ ಬರುತ್ತೇವೆಂದರು. ಒಬ್ಬನೇ ಮಗ, ಮಾವಿನ ತೋಟ, ನಾದಿನಿಯರ ಕಾಟವಿಲ್ಲ. ಅಂಥ ಸಂಬಂಧವನ್ನು ಜನ್ಮದಲ್ಲಿ ಬಿಟ್ಟವಳಲ್ಲ ನಾನು. ಬೇಡವೆಂದೆ ಅರುಣಾ. ಹೊಟ್ಟೆ ಉರಿಯಿತು, ಆದರೂ ಬೇಡವೆಂದೆ. ಸೆಲ್ವರಾಜ್ ತಿರುಪತಿಗೆ ಹೋಗಿದ್ದಾನೆ. ಪಾಸ್‌ವರ್ಡ್ ಈ ಕಾಗದದ ಹಿಂಬದಿಯಲ್ಲಿದೆ, ಅಲ್ಲಿಂದಲೇ ನಿನ್ನನ್ನು ತೆಗೆದುಬಿಡು. ಕ್ಯಾಸಂಬಳ್ಳಿಯ ಆಂಜಿನಪ್ಪನೊಬ್ಬನಿಗೆ ಮಾತ್ರ ಇಲ್ಲವೆನ್ನಲಾಗಲಿಲ್ಲ. ಅವನು ಹೆಣ್ಣು ಕೇಳಲೇ ಇಲ್ಲ. ಅವನ ಹಸು ಗಬ್ಬ ನಿಲ್ಲುತ್ತಿಲ್ಲವಂತೆ. "ಡಾಕ್ಟ್ರಮ್ಮೋರು ರಜಕ್ಕೆ ಯಾವಾಗ ಬತ್ತಾರೆ?" ಎಂದ. ನಿನ್ನನ್ನು ಯಾರಾದರೂ ಹಾಗೆ ಕರೆದದ್ದನ್ನು ನಾನು ಕೇಳಿದ್ದು ಇದೇ ಮೊದಲು. ನಿನ್ನನ್ನು ಕೇಳದೆ ಅವನಿಗೆ ಯುಗಾದಿಗೆ ಎಂದು ಮಾತು ಕೊಟ್ಟುಬಿಟ್ಟಿದ್ದೇನೆ.