ಕೂಸಿನ ಮೂಗಿಗೆ ಬೀಳದ ನೀಲಗಿರಿ ಎಣ್ಣೆ

ನಿಟ್ಟೂರು
೯-೧-೧೯೬೬

ಪೂಜ್ಯ ಅತ್ತೆಯವರಿಗೆ, ಸೊಸೆ ಹೂವಮ್ಮ ಮಾಡುವ ನಮಸ್ಕಾರಗಳು.

ಇದನ್ನು ನಿಮಗೆ ಓದಿ ಹೇಳುವ ಯಮುನತ್ತಿಗೆಗೆ ಮೊದಲೇ ಒಂದು ಮಾತು: ಬರೆದಷ್ಟನ್ನೇ ಓದಿ, ನಡುವೆ ಒಗ್ಗರಣೆ ಹಾಕಬೇಡಿ.

ಅತ್ತೆ, ನೀವು ಹೇಳದೆ ಕೇಳದೆ ತೀರ್ಥಹಳ್ಳಿಯ ಮಗಳ ಮನೆಗೆ ಹೊರಟುಹೋದಿರಿ. ಸೊಸೆ ಅತ್ತೆಯ ಕೈ ಹಿಡಿದು ತಡೆದಳಂತೆ ಎಂದು ಊರೆಲ್ಲ ಆಡಿಕೊಳ್ಳುತ್ತಿದೆ. ಆಡಿಕೊಳ್ಳಲಿ. ಹಿಡಿದದ್ದು ತಪ್ಪೆಂದು ನಾನು ಇವತ್ತೂ ಹೇಳುವುದಿಲ್ಲ.

ನಿಮ್ಮ ಮಗ ಸಾಗರದ ಪೇಟೆಯಿಂದ ನೀಲಗಿರಿ ಎಣ್ಣೆ ತಂದದ್ದು ನಿಮ್ಮ ಮಂಡಿನೋವಿಗೆ. ಕೊಬ್ಬರಿ ಎಣ್ಣೆಗೆ ಬೆರೆಸಿ ನಾನೇ ತಿಕ್ಕುತ್ತಿದ್ದೆ. ನೋವು ಇಳಿಯಿತು. ಅಲ್ಲಿಂದ ಆ ಸೀಸೆ ನಿಮಗೆ ಮನೆದೇವರಿಗಿಂತ ಹೆಚ್ಚಾಯಿತು. ತಲೆನೋವೆಂದವರ ಹಣೆಗೆ, ನೆಗಡಿಯೆಂದವರ ಕರವಸ್ತ್ರಕ್ಕೆ, ಕೆಮ್ಮಿದವರ ಹಬೆಯ ಪಾತ್ರೆಗೆ ಎಲ್ಲಕ್ಕೂ ಅದೇ. ಹಲವರಿಗೆ ಹಿತವಾದದ್ದೂ ಹೌದು.

ಆದರೆ ಕೂಸಿಗೆ ಶೀತವಾಗಿ ಮೂಗು ಕಟ್ಟಿದ ದಿನ ಮೀಯಿಸಲು ಕಾಲ ಮೇಲೆ ಹಾಕಿಕೊಂಡು, ನೆತ್ತಿಗೂ ಕಿವಿಗೂ ಎಂದಿನಂತೆ ಕೊಬ್ಬರಿ ಎಣ್ಣೆ ಬಿಟ್ಟಿರಿ. ಮೂಗಿಗೆ ಮಾತ್ರ ಆ ಸೀಸೆ ಎತ್ತಿಕೊಂಡಿರಿ. ನೀವು ಬಿರಡೆ ತೆಗೆದದ್ದು ಕಂಡೆ. ಏನೂ ಬೆರೆಸದ ಆ ಎಣ್ಣೆ ತಾಗಿದರೆ ನನ್ನ ಅಂಗೈಯೇ ಉರಿಯುತ್ತದೆ, ಎಳೆ ಮೂಗಿನ ಗತಿಯೇನು? ಓಡಿಬಂದು ನಿಮ್ಮ ಕೈ ಹಿಡಿದೆ.

“ಬಿಡೇ! ನಾಕು ಮಕ್ಕಳನ್ನ ಮೀಸಿ ದೊಡ್ಡ ಮಾಡ್ದೋಳು ನಾನು. ನನ್ ಮಂಡಿಗೆ ಒಳ್ಳೇದಾಗಿದ್ದು ನನ್ ಮೊಮ್ಮಗಂಗೆ ಕೆಟ್ಟದಾಗ್ತದಾ?” ಎಂದಿರಿ. ನಾನು ಬಿಡಲಿಲ್ಲ. “ಹಂಗಾರೆ ನೋಡು” ಎಂದು ಹಠಕ್ಕೆ ಬಿದ್ದು ಇನ್ನೊಂದು ಕೈಗೆ ಸೀಸೆ ತೆಗೆದುಕೊಂಡು ನಿಮ್ಮ ಮೂಗಿಗೇ ಬಿಟ್ಟುಕೊಂಡಿರಿ.

ಉಸಿರು ಸಿಕ್ಕಿಕೊಂಡು, ಕಣ್ಣು ಮೂಗು ಸುರಿದು ನೀವು ಒದ್ದಾಡಿದಿರಿ. ಆ ಒದ್ದಾಟದಲ್ಲೂ ಕೂಸು ಜಾರದಂತೆ ಕಾಲೆರಡನ್ನೂ ಒತ್ತಿ ಹಿಡಿದಿದ್ದಿರಿ, ಅತ್ತೆ. ಅದನ್ನು ನಾನು ನೋಡಿದ್ದೇನೆ. ಉಸಿರು ಬಂದ ಮೇಲೆ, “ತಗಳೇ ಕೂಸನ್ನ. ನಾನಿನ್ನು ಮುಟ್ಟಲ್ಲ” ಎಂದಿರಿ. ನಿಮ್ಮ ಕೈಗೆ ನೀವೇ ಹೆದರಿ ಹೋದಿರೆಂದು ನನಗೆ ಗೊತ್ತು.

ಕೂಸಿನ ಶೀತ ಈಗ ಎದೆಗಿಳಿದಿದೆ. ನಿನ್ನೆ ಹೊಸನಗರದ ಡಾಕ್ಟರಿಗೆ ತೋರಿಸಿದೆವು. ಆ ಎಣ್ಣೆ ಮೂಗಿಗೆ ಬಿದ್ದಿದ್ದರೆ ಉಸಿರೇ ಕಟ್ಟುತ್ತಿತ್ತು ಎಂದರು. ಔಷಧ ಕೊಟ್ಟರು. ಮಲಗಿಸಿದರೆ ಎದೆ ಗೊರಗೊರ ಎನ್ನುತ್ತದೆ, ಹೆಗಲಿಗೊರಗಿಸಿಕೊಂಡೇ ಇರಬೇಕಂತೆ. ನನ್ನ ಹೆಗಲಲ್ಲಿ ಅವನು ನಿಲ್ಲುವುದಿಲ್ಲ, ನಿಮ್ಮನ್ನೇ ಹುಡುಕುತ್ತಾನೆ. ನಾನು ಸೋತಿದ್ದೇನೆ, ಹೆದರಿದ್ದೇನೆ.

“ನಿಮ್ಮನ್ನ ಬಿಟ್ರೆ ಮಗೂನ ಎತ್ಕೊಳ್ಳೋರು ಮನೇಲಿ ಯಾರಿದ್ದಾರಮ್ಮ?” ಎಂದು ಡಾಕ್ಟರು ಕೇಳಿದರು. “ಅಜ್ಜಿ ಇದಾರೆ” ಎಂದುಬಿಟ್ಟೆ. ಸುಳ್ಳು ಹೇಳಿದೆ, ಅತ್ತೆ. ಈ ಕಾಗದ ತಂದ ಕಂಡಕ್ಟರ್ ಚಂದ್ರಯ್ಯನ ಬಸ್ಸಿನಲ್ಲೇ ಹೊರಟುಬಂದು ಅದನ್ನು ನಿಜ ಮಾಡಿ.

ನನ್ನನ್ನು ಬೈಯುವುದಿದ್ದರೆ ಕೂಸನ್ನು ಎತ್ತಿಕೊಂಡು ಬೈಯಿರಿ. ದೇವರು ನಿಮ್ಮ ಹೆಗಲನ್ನು ಗಟ್ಟಿಯಾಗಿ ಇಟ್ಟಿರಲಿ.

ಬಾಗಿಲಲ್ಲೇ ಕಾಯುತ್ತಿರುವ ನಿಮ್ಮ ಸೊಸೆ,
ಹೂವಮ್ಮ