ಬೊಗಳೆ ಬೆಂಚು

ಭಾನುವಾರ, ಮಧ್ಯಾಹ್ನದ ನಿದ್ದೆ ಕೆಡಿಸಿಕೊಂಡು

ಚಿನ್ನದಂಥ ನನ್ನ ಅಕ್ಕನ ಮಗಳು ಚೂಟಿಗೆ,

ಈ ಊರಿನ ಅರ್ಧ ಗೋಡೆಗಳಿಗೆ ಬಣ್ಣ ಬಳಿದ ಕೈಯಿಂದ ನಿನ್ನ ಸೋದರಮಾವ ಮಾಡುವ ಆಶೀರ್ವಾದ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ಬಲ ಮಂಡಿಯೊಂದನ್ನು ಬಿಟ್ಟು. ಅದು ಏಣಿ ಕಂಡರೆ ಸಾಕು, ಮೇಷ್ಟ್ರನ್ನು ಕಂಡ ದಡ್ಡನ ಹಾಗೆ ನಡುಗುತ್ತದೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುನಡುವೆ ನಗುತ್ತೀಯ, ನಿನ್ನ ಅಮ್ಮ ಹಿಂದಿನಿಂದ "ಶುರುವಾಯ್ತು ನೋಡು ಇವನ ರೈಲು" ಅನ್ನುತ್ತಾಳೆ. ಮನೆಯಲ್ಲಿ ಬಾಯಿ ತೆರೆದರೆ ನಿನ್ನ ಅಜ್ಜಿಯ ಗಂಟೆ. ನೀನೂ ಅದರ ಸದ್ದಿನಲ್ಲೇ ಬೆಳೆದವಳು. ಅಡುಗೆಮನೆಯ ಬಾಗಿಲ ಪಕ್ಕದ ಆ ಹಿತ್ತಾಳೆ ಗಂಟೆ ಇರುವುದು ಊಟಕ್ಕೆ ಕರೆಯಲು ಅಂತ ಹೆಸರಿಗೆ ಮಾತ್ರ. ಅವಳು ಅದನ್ನು ಹೊಡೆಯುವುದು ನಾನು ನನ್ನ ಸಾಹಸವೊಂದನ್ನು ಹೇಳಲು ಶುರು ಮಾಡಿದಾಗ. ನಾನು ಮೊಸಳೆಯ ಹಲ್ಲಿಗೆ ಬಿಳಿ ಬಣ್ಣ ಬಳಿದ ಕಥೆಯನ್ನು ಈ ಜನ್ಮದಲ್ಲಿ ಯಾರಿಗೂ ಪೂರ್ತಿ ಹೇಳಲಾಗಿಲ್ಲ. ಆದರೆ ಕಾಗದಕ್ಕೆ ಗಂಟೆ ಇಲ್ಲ. ಅದಕ್ಕೇ ಕಾಗದ.

ನಿನ್ನ ಕಾಗದ ಬಂತು, ಅದರ ಜೊತೆ ಬೀಗದ ಕೈಯೂ ಬಂತು. ನೀನು ಕಾಫಿ ಅಂಗಡಿಗೆಂದು ಹಿಡಿದ ಆ ಹಳೇ ಕೋಣೆ ಮೊದಲು ಏನಾಗಿತ್ತು, ಅಲ್ಲಿಗೆ ಬರೋಲ್ಲ ಅಂತ ಅಜ್ಜಿ ಯಾಕೆ ಹಠ ಹಿಡಿದಿದ್ದಾಳೆ, ಪತ್ತೆ ಹಚ್ಚಿ ಅಂತ ಬರೆದಿದ್ದೆ. ಕೊನೆಯಲ್ಲಿ, "ಅಜ್ಜಿ ಕೈಯಿಂದ ಬಾಗಿಲು ತೆರೆಸದೆ ನಾನು ಅಂಗಡಿ ಶುರು ಮಾಡೋಲ್ಲ ಮಾವ, ಬೀಗದ ಕೈ ವಾಪಸ್ ಕೊಟ್ಟುಬಿಡ್ತೀನಿ" ಅಂತ ಬರೆದಿದ್ದೆಯಲ್ಲ, ಅದನ್ನು ಎರಡೆರಡು ಸಲ ಓದಿದೆ. ನೀನು ಹಿಡಿದ ಹಠ ಬಿಡುವವಳಲ್ಲ, ಅವಳಂತೂ ನಿನಗೆ ಹಠ ಕಲಿಸಿದ ಗುರು. ನೀನು ಬೀದಿಯ ಹೆಸರು ಹೇಳಿದ್ದೇ ತಡ, "ಬೇರೆ ಎಲ್ಲಿಗಾದ್ರೂ ಕರಿ, ಬರ್ತೀನಿ. ಆ ಬೀದಿಗೆ ನಾನು ಕಾಲಿಡೋಳಲ್ಲ" ಅಂದುಬಿಟ್ಟಳಲ್ಲ. ಆಮೇಲೆ ನನಗೂ ಹೊಳೆಯಿತು. ಮಾರ್ಕೆಟ್ಟಿಗೆ ಹೋಗಬೇಕಾದರೂ ಅವಳು ಆ ಬೀದಿಯನ್ನು ತಪ್ಪಿಸಿ, ಕೆರೆ ಸುತ್ತಿ ಹೋಗುತ್ತಾಳೆ. ಚಿಕ್ಕಂದಿನಿಂದ ನಾನೂ ಅವಳ ಹಿಂದೆ ಹಾಗೇ ಸುತ್ತಿದ್ದೇನೆ, ದಾರಿ ಇರುವುದೇ ಹಾಗೆ ಅಂದುಕೊಂಡು.

ಸರಿ, ಸೋಮವಾರ ಬೆಳಿಗ್ಗೆ ಕೆರೆಯುವ ತಗಡು, ಉಪ್ಪುಕಾಗದ, ಬಕೆಟ್ಟು ಹಿಡಿದು ಹೋಗಿ ಬಾಗಿಲು ತೆರೆದೆ. ರೈಲಿನ ಡಬ್ಬಿಯಂಥ ಉದ್ದನೆಯ ಕೋಣೆ. ಒಂದು ಗೋಡೆಗೆ ಅಂಟಿಕೊಂಡು ಮರದ ಬೆಂಚು, ಯಾರಿಂದಲೂ ಕೀಳಲಾಗದೆ ಉಳಿದದ್ದು. ತಲೆಯೆತ್ತಿದರೆ ತೊಲೆಯ ಉದ್ದಕ್ಕೂ ಸಾಲುಸಾಲು ಕಬ್ಬಿಣದ ಕೊಕ್ಕೆಗಳು. ಕೊನೆಯಲ್ಲಿ, ಎಲ್ಲದರಿಂದ ದೂರವಾಗಿ, ಇನ್ನೊಂದು ದಪ್ಪ ಕೊಕ್ಕೆ. ಅದರ ಒಂದು ಮಗ್ಗುಲು ಸವೆದು ಸಣ್ಣಗಾಗಿತ್ತು. ಎದುರಿನ ಬೀಗದಂಗಡಿಯವನು ಇಣುಕಿ ನೋಡಿ, "ನೋಡೋದೇನಿದೆ? ಮಾಂಸದಂಗಡಿ. ಕೊಕ್ಕೆ ಕಾಣ್ಸಲ್ವಾ?" ಅಂದ. ಇಡೀ ಬೀದಿ ಹಾಗೇ ನಂಬಿದೆ. ಅಲ್ಲಿರುವವರಲ್ಲಿ ಹೆಚ್ಚಿನವರು ಆಮೇಲೆ ಬಂದವರು.

ನಾನು ನಂಬಲಿಲ್ಲ. ಬೆಂಚಿನ ಹಿಂದಿನ ಗೋಡೆಯನ್ನು ಕೆರೆಯಲು ಶುರು ಮಾಡಿದೆ. ಮೇಲೆ ನೀಲಿ, ಅದರಡಿ ಹಸಿರು, ಅದರಡಿ ಸುಣ್ಣ. ಸುಣ್ಣದ ಮೇಲೆ ಏನಿತ್ತು ಗೊತ್ತಾ? ದುಂಡನೆಯ ಕಂದು ಕಲೆಗಳು, ಬೆಂಚಿನ ಉದ್ದಕ್ಕೂ, ಕೂತವರ ತಲೆ ಬರುವಷ್ಟು ಎತ್ತರದಲ್ಲಿ. ಒಂದು ಸ್ವಲ್ಪ ಮೇಲೆ, ಒಂದು ಕೆಳಗೆ, ಗ್ರೂಪ್ ಫೋಟೋ ತೆಗೆದ ಹಾಗೆ. ಅದು ತಲೆಯೆಣ್ಣೆ, ಚೂಟಿ! ಎಣ್ಣೆಯ ಕಲೆಯನ್ನು ಬಣ್ಣ ಮುಚ್ಚಬಹುದು, ಅಳಿಸಲಾಗದು. ಮಾಂಸ ಕೊಳ್ಳಲು ಬಂದವರು ಯಾರಾದರೂ ಗೋಡೆಗೆ ತಲೆ ಆನಿಸಿ ಗಂಟೆಗಟ್ಟಲೆ ಕೂರುತ್ತಾರೆಯೇ? ನಾಲ್ಕನೇ ಕ್ಲಾಸಿನವರೆಗೆ ಓದಿದ ಈ ತಲೆ ಮಿಂಚಿನ ವೇಗದಲ್ಲಿ ಓಡಿತು. ಬೀದಿಗೆ ಬಂದು ನಿಂತು, ಎಲ್ಲರಿಗೂ ಕೇಳುವ ಹಾಗೆ ಸಾರಿದೆ: "ಇದು ಕ್ಷೌರದಂಗಡಿ!"

ಪಕ್ಕದಲ್ಲೇ ಗುಂಡಿ ಅಂಗಡಿ ಇದೆ. ಗುಂಡಿ, ದಾರ, ಲೇಸು ಮಾರುವ ಪುಟ್ಟ ಅಂಗಡಿ. ಅದರ ಒಡತಿ ನೂಲಿನ ಉಂಡೆ ಸುತ್ತುತ್ತ ಹೊರಗೆ ಬಂದರು. ಗಂಭೀರವಾಗಿಯೇ ಕೇಳಿದರು: "ಹೌದಾ ಪೇಂಟ್ರೇ? ಹಾಗಾದ್ರೆ ಮೇಲೆ ಆ ಕೊಕ್ಕೆ ಯಾಕೆ? ಗಿರಾಕಿಗಳನ್ನ ನೇತುಹಾಕಿ ತಲೆ ಬೋಳಿಸ್ತಿದ್ರಾ?"

ಬೀದಿಗೆ ಬೀದಿಯೇ ನಕ್ಕಿತು. ನಾನೂ ನಕ್ಕೆ, ದೊಡ್ಡ ಮನುಷ್ಯರ ಲಕ್ಷಣವೇ ಅದು. ಅವರ ನಗು ಹೇಗಿದೆ ಅಂತೀಯ? ಡಬ್ಬಿಯಿಂದ ಗುಂಡಿ ಸುರಿದ ಹಾಗೆ. ಈ ಮಾತು ಸಂಶೋಧನೆಗೆ ಸಂಬಂಧಪಟ್ಟದ್ದಲ್ಲ, ಮುಂದೆ ಓದು.

ಮಾರನೆಯ ದಿನ ನನ್ನ ಅಂಗಿಗೆ ಒಂದು ಗುಂಡಿ ಬೇಕಾಯಿತು, ಅದಕ್ಕೇ ಅವರ ಅಂಗಡಿಗೆ ಹೋದೆ. ಅದರ ಮಾರನೆಯ ದಿನವೂ ಒಂದು ಗುಂಡಿ ಬಿತ್ತು. ಈಗಿನ ದಾರ ಬಹಳ ಕಳಪೆ. ಹೀಗೆ ಹೋಗಿಬರುತ್ತಿದ್ದಾಗ ಅವರೇ, "ನಮ್ಮಪ್ಪನ್ನ ಕೇಳ್ತೀರಾ? ಚಿಕ್ಕೋರಿದ್ದಾಗಿಂದ ಇದೇ ಬೀದೀಲಿ ಗಾಡಿ ಹೊಡೆದೋರು" ಅಂತ ಒಳಮನೆಗೆ ಕರೆದುಕೊಂಡು ಹೋದರು. ಗಾಡಿ ತಾತ ಕಿಟಕಿಯ ಹತ್ತಿರ ಕೂತಿದ್ದ. ವಯಸ್ಸು ಅವನಿಗೂ ಮರೆತುಹೋಗಿದೆ. ಎಡಗಿವಿ ಕೇಳಿಸದು, ಬಲಗಿವಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ. ನಾನು ಕೊಕ್ಕೆ ಅಂದದ್ದೇ ಅವನ ಮುಖ ಅರಳಿತು.

"ಅಯ್ಯೋ, ಅದು ಪಡಖಾನೆ ಕಣಯ್ಯಾ! ಕೊಕ್ಕೇಲಿ ನಮ್ಮ ಲೋಟ ನೇತಾಡ್ತಿದ್ವು. ಒಬ್ಬೊಬ್ರಿಗೆ ಒಂದೊಂದು ಕೊಕ್ಕೆ, ಒಂದೊಂದು ಲೋಟ. ಇನ್ನೊಬ್ರ ಲೋಟ ಮುಟ್ಟಿದ್ರೆ ಹೆಂಡ್ತೀನ ಮುಟ್ಟಿದ ಹಾಗೆ!"

"ಅಪ್ಪಾ!" ಅಂತ ಮಗಳು ಗದರಿದರು. ತಾತ ಎಡಗಿವಿಯನ್ನು ಆ ಕಡೆಗೆ ತಿರುಗಿಸಿದ.

ಅವನು ಹೇಳಿದ್ದು ಇಷ್ಟು. ಅಲ್ಲಿ ಬಿಯರ್ ಕುಡಿಯಲು ಊರಲ್ಲಿ ದುಡಿಯುವವರೆಲ್ಲ ಸಂಜೆ ಸೇರುತ್ತಿದ್ದರು. ಆ ಬೆಂಚಿಗೆ ಬೊಗಳೆ ಬೆಂಚು ಅಂತ ಹೆಸರು. ಅದರ ಮೇಲೆ ಕೂತವನು ಎಷ್ಟು ಬೇಕಾದರೂ ಜಂಭ ಕೊಚ್ಚಬಹುದು. ಆದರೆ ದಪ್ಪ ಕೊಕ್ಕೆಯಲ್ಲಿ ಒಂದು ಗಂಟೆ ಇತ್ತು. ಪಡಖಾನೆಯವನ ಮಗಳು ಅದರ ಹಗ್ಗ ಹಿಡಿದು ನಿಲ್ಲುತ್ತಿದ್ದಳು. ಹೇಳುವವನ ಮಾತು ಸುಳ್ಳು ಅನ್ನಿಸಿದರೆ ಢಣ್! ಆಮೇಲೆ ಲೋಟ ಖಾಲಿಯಾಗುವವರೆಗೆ ಅವನು ಮಾತಾಡುವ ಹಾಗಿಲ್ಲ. ಗಂಟೆ ಹೊಡೆಯದಿದ್ದರೆ ಅವನು ಹೇಳಿದ್ದು ನಿಜ, ಊರೆಲ್ಲ ಒಪ್ಪಿಕೊಳ್ಳಬೇಕು. "ಆ ಹುಡುಗಿಗೆ ಸುಳ್ಳಿನ ವಾಸನೆ ಗೊತ್ತಾಗ್ತಿತ್ತಯ್ಯಾ. ನನ್ನ ಎತ್ತು ನನ್ನ ಹೆಸ್ರು ಹಿಡಿದು ಕೂಗುತ್ತೆ ಅಂದೆ. ಢಣ್! ಅರ್ಧ ಲೋಟ ಮೂಕ ಆಗಿ ಕುಡಿದೆ."

ಚೂಟಿ, ಆ ಬೆಂಚನ್ನು ನನಗಾಗಿಯೇ ಮಾಡಿಸಿದ್ದರು. ನಾನು ಹುಟ್ಟಿದ್ದು ತಡವಾಯಿತು, ಅಷ್ಟೇ. ಹಾಗಂತ ಹೇಳಬೇಕು ಅನ್ನುವಷ್ಟರಲ್ಲಿ ತಾತ ಮುಂದುವರಿಸಿದ.

"ಅಲ್ಲಿ ಒಬ್ಬ ಗಡಿಯಾರ ರಿಪೇರಿಯವನು ಬರ್ತಿದ್ದ. ಒಂದು ಕಣ್ಣಿಗೆ ಗಾಜು ಸಿಕ್ಕಿಸ್ಕೊಂಡೇ ಇರ್ತಿದ್ದ, ತೆಗೆಯೋಕೆ ಮರೆತು. ಬೆಂಚಿನ ಮೂಲೇಲಿ ಕೂತು ಕುಡಿದು ಹೋಗೋನು, ಒಂದು ದಿನಾನೂ ಬಾಯಿ ಬಿಟ್ಟೋನಲ್ಲ. ಒಂದಿನ ಎದ್ದು ನಿಂತ. ನಾನು ಈ ಗಂಟೆ ಹೊಡೆಯೋಳನ್ನ ಮದುವೆ ಆಗ್ತೀನಿ, ಅವಳು ಬೇಡ ಅನ್ನೋಲ್ಲ ಅಂದ."

ಕಣ್ಣಿಗೆ ಗಾಜು ಸಿಕ್ಕಿಸಿಕೊಂಡೇ ಊಟಕ್ಕೆ ಕೂರುತ್ತಿದ್ದ ಗಡಿಯಾರ ರಿಪೇರಿಯವನು ಈ ಊರಿನಲ್ಲಿ ಇದ್ದದ್ದು ಒಬ್ಬನೇ. ನನ್ನ ಅಪ್ಪ. ನಿನ್ನ ಅಜ್ಜ. ಹಬೆಯಾಡುವ ಅನ್ನ ಮುಂದಿಟ್ಟರೂ ಬಿಸಿಯಾಗಿದೆ ಅಂತ ಹೇಳದ ಮನುಷ್ಯ!

"ಆಮೇಲೆ?" ಅಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ತಾತನ ಬಲಗಿವಿಗೆ ಕೇಳಿಸಿತು.

"ಆಮೇಲೇನು? ಆ ಹುಡುಗಿ ಹಗ್ಗ ಹಿಡಿದಿದ್ಲು. ನಾವೆಲ್ಲ ಕಾದ್ವಿ. ಲೋಟದಲ್ಲಿ ನೊರೆ ಇಳಿದುಹೋಯ್ತು, ಒಬ್ರೂ ಕುಡೀಲಿಲ್ಲ. ಅವಳಪ್ಪ, ಗಂಟೆ ಕೆಟ್ಟಿದೆಯೇನೇ ಅಂದ. ಇಲ್ಲಪ್ಪ, ಸರಿಯಾಗೇ ಇದೆ ಅಂದ್ಲು."

ಗುಂಡಿ ಅಂಗಡಿಯವರು ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನ್ನ ಕಣ್ಣಿಗೆ ಸುಣ್ಣದ ಧೂಳು ಬಿದ್ದಿತ್ತು.

ಆ ದಿನ ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಕೆರೆ ಸುತ್ತಿ ಬರಲಿಲ್ಲ ಅನ್ನುವುದು ಮಾತ್ರ ನಿಜ. ನಿನ್ನ ಅಜ್ಜಿ ಊಟಕ್ಕೆ ಬಡಿಸುತ್ತಿದ್ದಳು. ನಾನು ಮೊಸಳೆಯ ಕಥೆ ತೆಗೆದೆ. ಮೊಸಳೆ ಬಾಯಿ ತೆರೆಯುವ ಮೊದಲೇ ಢಣ್ ಅಂತ ಹೊಡೆದಳು. ಆಗ ಕೇಳಿದೆ: "ಅಮ್ಮಾ, ಪಡಖಾನೆಯಲ್ಲೂ ಇಷ್ಟೇ ಜೋರಾಗಿ ಹೊಡೀತಿದ್ಯಾ?"

ಹಗ್ಗ ಅವಳ ಕೈಯಲ್ಲೇ ನಿಂತಿತು. ಆಮೇಲೆ ಅವಳು ನಕ್ಕಳು. ಅಂಥ ನಗುವನ್ನು ನಾನು ಅವಳ ಮುಖದಲ್ಲಿ ನೋಡಿರಲಿಲ್ಲ. ಎಲ್ಲಿಯೋ ಒಬ್ಬ ತುಂಟ ಹುಡುಗಿ ಇಣುಕಿ ಹೋದ ಹಾಗಿತ್ತು.

ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ, ಇದಕ್ಕೆ ನನ್ನ ಬಣ್ಣ ಬೇಡ. ಪಡಖಾನೆಯ ಹುಡುಗಿ ಸೊಸೆಯಾಗಿ ಬರುವುದಕ್ಕೆ ಅಪ್ಪನ ಮನೆಯವರು ಮೊದಲು ಒಪ್ಪಲಿಲ್ಲವಂತೆ. ಕೊನೆಗೆ ಅವಳ ಅತ್ತೆ ಒಂದು ಮಾತು ತೆಗೆದುಕೊಂಡರಂತೆ, ತವರಿನ ಕಸುಬನ್ನು ಯಾರ ಮುಂದೆಯೂ ಎತ್ತಬಾರದು ಅಂತ. ಅದಕ್ಕೇ ನಮಗೆಲ್ಲ ಅಮ್ಮನ ಅಪ್ಪ 'ವ್ಯಾಪಾರ' ಮಾಡುತ್ತಿದ್ದ ಅಂತ ಮಾತ್ರ ಗೊತ್ತು. ಇವಳು ಒಪ್ಪಿದಳು. ಆದರೆ ಬರುವಾಗ ಗಂಟೆಯನ್ನು ಸೀರೆಯಲ್ಲಿ ಸುತ್ತಿ ತಂದಳು. "ಊಟಕ್ಕೆ ಕರೆಯೋಕೆ ಅಂದೆ. ನಮ್ಮತ್ತೆ ನಂಬಿದ್ರು. ಅದೊಂದೇ ಸುಳ್ಳು ಕಣೋ ನಾನು ಹೇಳಿದ್ದು."

"ಅಲ್ಲಮ್ಮ, ನಿನ್ನತ್ತೆ ಹೋಗಿ ಎಷ್ಟು ಕಾಲವಾಯ್ತು. ಆಮೇಲಾದ್ರೂ ಆ ಬೀದಿಗೆ ಹೋಗಬಹುದಿತ್ತಲ್ಲ?"

"ಕದ್ದು ಹೋಗ್ತಾನೇ ಇದ್ದೆ, ನಮ್ಮಪ್ಪ ಇರೋವರೆಗೆ. ಅವನು ಹೋದ ಮೇಲೆ ಬಾಗಿಲು ಮುಚ್ಚಿತು. ಆ ಬಾಗಿಲು ಮುಚ್ಚಿದ್ದನ್ನ ನಾನು ಹುಟ್ಟಿದಾಗಿಂದ ನೋಡಿರಲಿಲ್ಲ ಕಣೋ. ಮುಚ್ಚಿರೋ ಬಾಗಿಲು ನೋಡೋಕೆ ಯಾಕೆ ಹೋಗಲಿ?"

ಆಗ ನಾನು ಅಂದೆ, "ಅಮ್ಮಾ, ಚೂಟಿ ಅದನ್ನ ತೆರೀತಿದಾಳಲ್ಲೇ."

ಅವಳು ಎದ್ದು ಹೋಗಿ ಗಂಟೆಯನ್ನು ಮೊಳೆಯಿಂದ ಇಳಿಸಿದಳು, ಹುಣಸೆಹಣ್ಣು ಹಾಕಿ ತಿಕ್ಕಲು ಕೂತಳು. ಈಗ ಅದು ಮತ್ತೆ ಮೊಳೆಯಲ್ಲಿದೆ, ಅದರಲ್ಲಿ ನನ್ನ ಮುಖ ಕಾಣುತ್ತದೆ, ಇರುವುದಕ್ಕಿಂತ ಚೆನ್ನಾಗಿಯೇ.

ಹಾಗಾಗಿ ಬೀಗದ ಕೈ ವಾಪಸ್ ಕೊಡುವ ಮಾತು ಬಿಡು. ಕೆಲಸ ಮುಗಿಸಿ ಬೇಗ ಬಾ. ಅಜ್ಜಿ ಬಾಗಿಲು ತೆರೆಯುತ್ತಾಳೆ, ಗಂಟೆ ದಪ್ಪ ಕೊಕ್ಕೆಗೆ ವಾಪಸ್ ಹೋಗುತ್ತದೆ, ಕೊಕ್ಕೆಗಳಲ್ಲಿ ನಿನ್ನ ಕಾಫಿ ಲೋಟಗಳು. ಗಾಡಿ ತಾತ ತನ್ನ ಹಳೇ ಲೋಟ ಇನ್ನೂ ಇಟ್ಟುಕೊಂಡಿದ್ದಾನೆ, ಅದರಲ್ಲಿ ಈಗ ಗಡ್ಡಕ್ಕೆ ಸೋಪು ಹಚ್ಚುವ ಬ್ರಷ್ಷು. ತೊಳೆದು ತರುತ್ತಾನಂತೆ. ಬೆಂಚಿನ ಹಿಂದಿನ ಆ ಗೋಡೆಗೆ ನಾನು ಬಣ್ಣ ಬಳಿಯುವುದಿಲ್ಲ. ಮೂಲೆಯಲ್ಲಿ ಸ್ವಲ್ಪ ಕೆಳಗೆ ಒಂದು ಕಲೆ ಇದೆ. ಅಪ್ಪ ಕುಳ್ಳಗಿದ್ದ, ನೆನಪಿದೆಯಲ್ಲ? ಅಲ್ಲಿ ಯಾರೂ ಕೂರಬಾರದು. ಅಥವಾ, ಬಾಯಿ ಬಿಡದವರು ಯಾರಾದರೂ ಬಂದರೆ ಅಲ್ಲೇ ಕೂರಿಸು.

ಇಷ್ಟನ್ನೂ ಒಬ್ಬನೇ, ಯಾರ ಸಹಾಯವೂ ಇಲ್ಲದೆ, ಕೇವಲ ಬುದ್ಧಿಬಲದಿಂದ ಪತ್ತೆ ಹಚ್ಚಿದ,

ಸತ್ಯಕ್ಕೆ ಒಂದೇ ಒಂದು ಕೋಟು ಬಣ್ಣ ಬಳಿದು ಹೇಳುವ,

ನಿನ್ನ ಸೋದರಮಾವ

ತಾ.ಕ. ಕಾಗದ ಅಂಟಿಸುವ ಮೊದಲು ಅಮ್ಮ ಓದಿ ಹೇಳು ಅಂದಳು. ಗುಂಡಿ ಅಂಗಡಿಯವರೂ ಇಲ್ಲೇ ಕೂತಿದ್ದರು, ತಾತ ಕಳಿಸಿದ ಲೋಟ ತೋರಿಸಲು ಬಂದವರು. ಓದಿದೆ. "ಯಾರ ಸಹಾಯವೂ ಇಲ್ಲದೆ" ಅನ್ನುವಲ್ಲಿ ಗಂಟೆ ಹೊಡೆಯಿತು. "ಈಗಿನ ದಾರ ಬಹಳ ಕಳಪೆ" ಅನ್ನುವಲ್ಲಿ ಅದಕ್ಕಿಂತ ಜೋರಾಗಿ ಹೊಡೆಯಿತು. "ನೀನೇ ಗುಂಡಿ ಕಿತ್ತುಕೊಳ್ಳೋದನ್ನ ಕಣ್ಣಾರೆ ನೋಡಿದೀನಿ, ಕೀಳೋಕೆ ಇನ್ನು ಅಂಗಿ ಒಂದೂ ಉಳಿದಿಲ್ಲ. ಹೇಳೋದಿದ್ರೆ ಹೇಳಿಬಿಡೋ" ಅಂದಳು ಅಮ್ಮ. ಆಗ ನಾನು ಎದ್ದು ನಿಂತೆ. ಮಂಡಿ ನಡುಗುತ್ತಿತ್ತು, ಏಣಿ ಎಲ್ಲೂ ಇರಲಿಲ್ಲ. "ನಾನು ಈ ಗುಂಡಿ ಅಂಗಡಿಯವರನ್ನ ಮದುವೆ ಆಗ್ತೀನಿ, ಅವರು ಬೇಡ ಅನ್ನೋಲ್ಲ" ಅಂದೆ. ಅಮ್ಮ ಹಗ್ಗವನ್ನು ಅವರ ಕೈಗೇ ಕೊಟ್ಟುಬಿಟ್ಟಳು. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು, ಯಾರೂ ಏಳಲಿಲ್ಲ.

ಬರುವಾಗ ನಿನ್ನ ಅತ್ತೆಗೆ ಏನಾದರೂ ತಾ. ಗುಂಡಿ ಬೇಡ.