ಹನ್ನೊಂದು ಗಂಟೆಯ ದೂರ

೧೨ನೇ ತಾರೀಖು, ಭಾನುವಾರ

ಪ್ರೀತಿಯ ಕುಳ್ಳಿ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ? ನಿನ್ನ ಎರಡು ಕಾಗದಗಳೂ ಬಂದಿವೆ. ಉತ್ತರ ಬರೆಯದೆ ಸುಮ್ಮನಿದ್ದೆ, ಬೈಯಬೇಡ. ಮಗನನ್ನು ಕಳೆದುಕೊಂಡವಳಿಗೆ ಏನೆಂದು ಬರೆಯುವುದು ಅಂತ ಕೂತಲ್ಲೇ ಕೂತುಬಿಡುತ್ತಿದ್ದೆ.

ನಿನ್ನೆಯಿಂದ ಅಂಗಡಿ ಮತ್ತೆ ತೆರೆದಿದ್ದೇನೆ. ನೀನು ಕೂರುತ್ತಿದ್ದ ಹೊಲಿಗೆ ಯಂತ್ರಕ್ಕೆ ಒಬ್ಬ ಹೊಸಬಳು ಬಂದಿದ್ದಾಳೆ. ಕಾಜಾ ಚೆನ್ನಾಗಿ ಹಾಕುತ್ತಾಳೆ, ಬಾಯಿ ಮಾತ್ರ ನಿನಗಿಂತ ಜೋರು.

ಆ ದಿನ ಇಲ್ಲಿ ನಡೆದದ್ದನ್ನು ನಿನಗೆ ಪೂರ್ತಿ ಹೇಳಲೇ ಇಲ್ಲ. ನೀನು ಫೋನ್ ಮಾಡಿ, "ಬೈಕಿಂದ ಬಿದ್ದ ಕಣೇ. ಮೆದುಳು ಸತ್ತಿದೆಯಂತೆ, ಇನ್ನು ಏಳಲ್ಲವಂತೆ. ಹೃದಯ ಮಾತ್ರ ಬಡ್ಕೋತಾ ಇದೆ. ಅದನ್ನ ನಿನ್ನ ಮಗಳಿಗೆ ತಗೋ" ಅಂದೆಯಲ್ಲ, ನಾನಾಗ ಅವಳ ವಾರ್ಡಿನ ಹೊರಗೇ ಇದ್ದೆ. ಒಂದು ಹೃದಯಕ್ಕಾಗಿ ವರ್ಷದಿಂದ ಕಾಯುತ್ತಿದ್ದೆವು. ಡಾಕ್ಟರ ಬಳಿಗೆ ಓಡಿದೆ.

"ಕೂತ್ಕೊಳ್ಳಿ ಅಮ್ಮ" ಎಂದರು ಅವರು. "ಹೊಂದುತ್ತೋ ಇಲ್ವೋ ಆಮೇಲಿನ ಮಾತು. ಹೊರಗೆ ತೆಗೆದ ಹೃದಯ ನಾಲ್ಕೈದು ಗಂಟೆಯೊಳಗೆ ಇನ್ನೊಂದು ಎದೆ ಸೇರ್ಬೇಕು. ಅಲ್ಲಿಂದ ಇಲ್ಲಿಗೆ ವಿಮಾನವೇ ಹನ್ನೊಂದು ಗಂಟೆ ಹಾರುತ್ತೆ."

ನಾನು ನಂಬಲಿಲ್ಲ. ಆಸ್ಪತ್ರೆಯ ಎದುರಿನ ಟಿಕೆಟ್ ಆಫೀಸಿಗೆ ನುಗ್ಗಿ, ಇನ್ನೂ ಬೇಗ ಬರುವ ವಿಮಾನ ಇಲ್ಲವೇ ಎಂದು ಕೇಳಿದೆ. ಅಲ್ಲಿದ್ದ ಹುಡುಗಿ ಕಂಪ್ಯೂಟರ್ ನೋಡಿ, "ನೇರ ಬರೋದು ಇದೊಂದೇ ಮೇಡಂ. ಎಷ್ಟು ಜನ?" ಎಂದಳು. ಎಷ್ಟು ಜನ ಎಂದು ಹೇಳಲಿ? ಕೌಂಟರಿಗೆ ತಲೆಯಾನಿಸಿ ಅತ್ತುಬಿಟ್ಟೆ. ಪಾಪ, ಅವಳೇ ನೀರು ತಂದುಕೊಟ್ಟಳು.

ಮಗಳಿಂದ ಮುಚ್ಚಿಡಲು ಆಗಲಿಲ್ಲ. ಎಲ್ಲ ಕೇಳಿ, "ಅಣ್ಣ ಯಾವತ್ತಮ್ಮ ಟೈಮಿಗೆ ಸರಿಯಾಗಿ ಬಂದಿದ್ದಾನೆ?" ಎಂದು ನಕ್ಕಳು. ನಿನ್ನ ಮಗ ಅಂದರೆ ಅವಳಿಗೆ ಸ್ವಂತ ಅಣ್ಣನೇ ತಾನೆ. ನೀವು ಊರು ಬಿಡುವತನಕ ಅವನ ಸೈಕಲ್ಲಿನ ಹಿಂದೆ ಕೂತೇ ಶಾಲೆಗೆ ಹೋದವಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಹೊದಿಕೆ ಅಲುಗುತ್ತಿತ್ತು.

ಅವನ ಹೃದಯ ನಿಮ್ಮೂರಲ್ಲೇ ಯಾರೋ ಮೂರು ಮಕ್ಕಳ ತಾಯಿಗೆ ಹೋಯಿತೆಂದು ಬರೆದಿದ್ದೀಯ. ಓದಿದಾಗ ಹೊಟ್ಟೆಗೆ ಬೆಂಕಿ ಬಿದ್ದ ಹಾಗಾಯಿತು, ಸುಳ್ಳೇಕೆ ಹೇಳಲಿ. ಇರಲಿ, ಆ ತಾಯಿ ನೂರು ವರ್ಷ ಬಾಳಲಿ.

"ನಾನು ಇಷ್ಟು ದೂರ ಬರದಿದ್ದರೆ ನಿನ್ನ ಮಗಳಿಗೆ ಸಿಗುತ್ತಿತ್ತು" ಎಂದು ನಿನ್ನನ್ನೇ ಹಳಿದುಕೊಂಡಿದ್ದೀಯ. ಹುಚ್ಚಿ, ಯಾರಾದರೂ ಇದನ್ನೆಲ್ಲ ಯೋಚಿಸಿ ಊರು ಬಿಡುತ್ತಾರೆಯೇ? ದೇವರು ನಿನಗೆ ಒಂದಿಷ್ಟು ನಿದ್ದೆ ಕೊಡಲಿ.

ನಿನ್ನ
ಲಂಬು

ತಾ.ಕ.: ಮಗಳು ಹೇಗಿದ್ದಾಳೆ ಎಂದು ಎರಡು ಕಾಗದದಲ್ಲೂ ಕೇಳಿದ್ದೀಯ. ಹೋದ ತಿಂಗಳ ಕೊನೆಯಲ್ಲಿ ಹೋಗಿಬಿಟ್ಟಳು ಕಣೇ. ನಿನ್ನ ದುಃಖದ ಮೇಲೆ ಇದನ್ನೂ ಹೇರಲು ಕೈ ಬರಲಿಲ್ಲ. ಕಣ್ಣು ಕೊಡುತ್ತೀರಾ ಎಂದು ಕೇಳಿದರು. ನಿನ್ನನ್ನು ನೆನೆದು ಹೂಂ ಎಂದೆ. ಕಣ್ಣಿಗೆ ಅಷ್ಟು ಆತುರವಿಲ್ಲವಂತೆ. ಎಷ್ಟು ದೂರಕ್ಕೆ ಬೇಕಾದರೂ ಕಳಿಸಬಹುದಂತೆ.